ದಿನಕ್ಕೆ ಒಂದೂವರೆ ಗಂಟೆ ಮಾತ್ರ ಓಡುವ ಗಡಿಯಾರ

ಕೀ ಕೊಟ್ಟು ಓಡಿಸುವ ವಾಚಿನ ಒಳಗಿರುವ ಚಕ್ರಗಳು ಇಡೀ ದಿನದಲ್ಲಿ ನಿಜವಾಗಿ ತಿರುಗುವುದು ಹೆಚ್ಚೆಂದರೆ ಒಂದೂವರೆ ಗಂಟೆ. ಉಳಿದ ಇಪ್ಪತ್ತೆರಡೂವರೆ ಗಂಟೆ ಅವು ನಿಂತೇ ಇರುತ್ತವೆ. ಮೊದಲ ಸಲ ಈ ಲೆಕ್ಕ ಹಾಕಿದಾಗ ನನಗೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಹಾಕಿದೆ. ಉತ್ತರ ಅದೇ ಬಂತು. ಅವತ್ತಿನಿಂದ ವಾಚನ್ನು ನಾನು ನೋಡುವ ರೀತಿಯೇ ಬೇರೆ ಆಯಿತು.

ಹಳೆಯ ವಾಚುಗಳನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಮತ್ತೆ ಜೋಡಿಸುವ ಹುಚ್ಚು ನನಗೆ ಹಿಡಿದು ವರ್ಷಗಳಾದವು. ಕಣ್ಣಿಗೆ ಲೂಪ್ ಎಂಬ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಕೆಲವರು ಕೇಳುತ್ತಾರೆ, "ಅದರೊಳಗೆ ಅಂಥಾದ್ದೇನಿದೆ? ಒಂದು ಸ್ಪ್ರಿಂಗು, ನಾಲ್ಕು ಚಕ್ರ, ಅಷ್ಟೇ ಅಲ್ವಾ?" ಹೌದು, ಸಾಮಾನು ಹೆಚ್ಚೂಕಡಿಮೆ ಅಷ್ಟೇ. ಆದರೆ ಸ್ಪ್ರಿಂಗನ್ನೂ ಚಕ್ರಗಳನ್ನೂ ಸುಮ್ನೆ ಜೋಡಿಸಿ ಕೀ ಕೊಟ್ಟು ಬಿಟ್ಟರೆ ಏನಾಗುತ್ತದೆ ಗೊತ್ತಾ? ಭರ್ರೆಂದು ಸದ್ದು ಮಾಡಿ, ಎರಡು ದಿನಕ್ಕೆ ಆಗಬೇಕಿದ್ದ ಶಕ್ತಿಯೆಲ್ಲ ಕೆಲವೇ ಸೆಕೆಂಡುಗಳಲ್ಲಿ ಖಾಲಿಯಾಗುತ್ತದೆ. ಅದನ್ನು ಗಡಿಯಾರವಾಗಿ ಮಾಡುವುದು ಕೊನೆಯಲ್ಲಿ ಕೂತಿರುವ ಒಂದು ತಡೆ. ಆ ತಡೆಯ ಬಗ್ಗೆಯೇ ನನಗೆ ಹೇಳಬೇಕಾದದ್ದು ಜಾಸ್ತಿ ಇದೆ. ಆದರೆ ಅಲ್ಲಿಗೆ ಹೋಗುವ ಮುಂಚೆ ಶಕ್ತಿ ಎಲ್ಲಿಂದ ಹೊರಟು ಹೇಗೆ ಬರುತ್ತದೆ ಎಂದು ನೋಡಿಬಿಡೋಣ.

ವಾಚಿನ ಪಕ್ಕದಲ್ಲಿರುವ ತಿರುಪನ್ನು ತಿರುಗಿಸಿದಾಗ ಒಳಗೆ ಬ್ಯಾರೆಲ್ ಎಂಬ ಡಬ್ಬಿಯಲ್ಲಿರುವ ಉಕ್ಕಿನ ಪಟ್ಟಿ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಇದೇ ಮೇನ್‌ಸ್ಪ್ರಿಂಗ್. ಕೀ ಕೊಡುವಾಗ ಕಟಕಟ ಎಂದು ಕೇಳುವ ಸದ್ದು ಸ್ಪ್ರಿಂಗಿನದಲ್ಲ. ಬಿಗಿದದ್ದು ಹಿಂದಕ್ಕೆ ಬಿಚ್ಚಿಕೊಳ್ಳದಂತೆ ಒಂದು ಸಣ್ಣ ಕೊಕ್ಕೆ ಹಲ್ಲಿನಿಂದ ಹಲ್ಲಿಗೆ ಬೀಳುವ ಸದ್ದು ಅದು. ಕೊಕ್ಕೆಯ ಹೆಸರು ಕ್ಲಿಕ್. ವಾಚನ್ನು ಬಿಚ್ಚುವ ಮೊದಲು ಈ ಕ್ಲಿಕ್ಕನ್ನು ಮೆಲ್ಲಗೆ ಸರಿಸಿ ಹಿಡಿದು, ತಿರುಪನ್ನು ಬೆರಳ ನಡುವೆ ನಿಧಾನವಾಗಿ ಜಾರಲು ಬಿಟ್ಟು ಸ್ಪ್ರಿಂಗನ್ನು ಸಡಿಲ ಮಾಡಬೇಕು. ಬೆರಳಿಗೆ ಆಗ ತಾಗುವ ಆ ಸೆಳೆತ ಇದೆಯಲ್ಲ, ಅದೇ ವಾಚಿನ ಇಡೀ ಆಸ್ತಿ. ಅದಕ್ಕಿಂತ ಹೆಚ್ಚಿನ ಶಕ್ತಿ ಅದರ ಬಳಿ ಇಲ್ಲ. ಅಷ್ಟರಲ್ಲೇ ಸಾಮಾನ್ಯವಾಗಿ ನಲವತ್ತು ಗಂಟೆಯ ಆಸುಪಾಸು ಓಡಬೇಕು.

ಬ್ಯಾರೆಲ್ ಸುಮಾರು ಆರೇಳು ಗಂಟೆಗೆ ಒಂದು ಸುತ್ತು ತಿರುಗುತ್ತದೆ. ಅದರ ಅಂಚಿನ ಹಲ್ಲುಗಳು ನಡುಚಕ್ರವನ್ನು ತಿರುಗಿಸುತ್ತವೆ. ನಡುಚಕ್ರ ಗಂಟೆಗೆ ಒಂದು ಸುತ್ತು. ನಿಮಿಷದ ಮುಳ್ಳಿನ ವೇಗ ಅದೇ. ನಡುಚಕ್ರ ಮೂರನೇ ಚಕ್ರವನ್ನೂ, ಮೂರನೆಯದು ನಾಲ್ಕನೆಯದನ್ನೂ ತಿರುಗಿಸುತ್ತವೆ. ನಾಲ್ಕನೆಯದು ನಿಮಿಷಕ್ಕೆ ಒಂದು ಸುತ್ತು, ಸೆಕೆಂಡಿನ ಮುಳ್ಳು ಕೂರುವುದು ಅಲ್ಲಿ. ಗಂಟೆಗೆ ಒಂದು ಸುತ್ತನ್ನು ನಿಮಿಷಕ್ಕೆ ಒಂದು ಸುತ್ತು ಮಾಡುವುದೆಂದರೆ ಅರವತ್ತು ಪಟ್ಟು ಹೆಚ್ಚಿಸಬೇಕು. ಇದಕ್ಕೆ ಹಳೆಯ ವಿನ್ಯಾಸವೊಂದು ಹೀಗಿದೆ: ನಡುಚಕ್ರಕ್ಕೆ 80 ಹಲ್ಲು, ಅದು ಕಚ್ಚಿಕೊಳ್ಳುವ, ಮುಂದಿನ ಚಕ್ರದ ಅಚ್ಚಿನಲ್ಲಿರುವ ಪುಟ್ಟ ಹಲ್ಲುಚಕ್ರವಾದ ಪಿನಿಯನ್‌ಗೆ 10. ಮೂರನೇ ಚಕ್ರಕ್ಕೆ 75, ಅದರ ಎದುರಿನ ಪಿನಿಯನ್‌ಗೆ 10. ಎಂಟು ಗುಣಿಸು ಏಳೂವರೆ, ಅರವತ್ತು. ಈ ಲೆಕ್ಕ ಎಷ್ಟು ಸಲ ನೋಡಿದರೂ ನನಗೆ ಖುಷಿಯಾಗುತ್ತದೆ. ಹಲ್ಲು ಎಣಿಸಿದರೆ ಸಮಯ ಸಿಗುತ್ತದೆ. ಚಕ್ರ ದೊಡ್ಡದಿರಲಿ, ಚಿಕ್ಕದಿರಲಿ, ಹಿತ್ತಾಳೆಯದಿರಲಿ, ಉಕ್ಕಿನದಿರಲಿ, ಎಂಬತ್ತಕ್ಕೆ ಹತ್ತು ಎಂಬುದು ಸವೆಯುವುದಿಲ್ಲ, ಬಿಸಿಗೆ ಹಿಗ್ಗುವುದಿಲ್ಲ.

ಗಂಟೆ ಮುಳ್ಳಿನ ವಿಷಯ ಸಣ್ಣದು. ಡಯಲ್ ಕೆಳಗೆ ಇನ್ನೆರಡು ಚಕ್ರಗಳಿದ್ದು ಹನ್ನೆರಡಕ್ಕೆ ಒಂದರಂತೆ ವೇಗ ಇಳಿಸುತ್ತವೆ, ಅಷ್ಟೇ. ನಿಮಿಷದ ಮುಳ್ಳನ್ನು ಹೊತ್ತ ಕೊಳವೆ ನಡು ಅಚ್ಚಿನ ಮೇಲೆ ಬಿಗಿಯಾಗಿ ಕೂತಿದ್ದರೂ, ನಾವು ತಿರುಪು ಎಳೆದು ಮುಳ್ಳು ತಿರುಗಿಸಿದಾಗ ಜಾರುವಷ್ಟು ಮಾತ್ರ ಬಿಗಿ. ಇಲ್ಲದಿದ್ದರೆ ಸಮಯ ಸರಿಮಾಡುವಾಗಲೆಲ್ಲ ಇಡೀ ಚಕ್ರಮಾಲೆಯನ್ನು ತಿರುಚಬೇಕಾಗುತ್ತಿತ್ತು.

ನಾಲ್ಕನೇ ಚಕ್ರ ತಿರುಗಿಸುವುದು ಎಸ್ಕೇಪ್ ವೀಲನ್ನು. ಇದರ ರೂಪವೇ ಬೇರೆ. ಸಾಮಾನ್ಯವಾಗಿ ಹದಿನೈದು ಹಲ್ಲು. ಒಂದೊಂದೂ ಮುಂದಕ್ಕೆ ಬಾಗಿದ ಪಾದದ ಹಾಗೆ ಕಾಣುತ್ತದೆ. ಹಳೆಯ ವಾಚಿನಲ್ಲಿ ಇದು ನಿಮಿಷಕ್ಕೆ ಹತ್ತು ಸುತ್ತು. ಬ್ಯಾರೆಲ್‌ನಿಂದ ಇಲ್ಲಿಯವರೆಗೆ ವೇಗ ಸುಮಾರು ನಾಲ್ಕು ಸಾವಿರ ಪಟ್ಟು ಏರಿರುತ್ತದೆ. ವೇಗ ಏರಿದಷ್ಟೂ ತಿರುಗಿಸುವ ಬಲ ಇಳಿಯಬೇಕು. ಹಾಗಾಗಿ ಬ್ಯಾರೆಲ್ ಹತ್ತಿರ ಬೆರಳಿಗೆ ತಾಗುತ್ತಿದ್ದ ಸೆಳೆತದಲ್ಲಿ ನಾಲ್ಕು ಸಾವಿರದಲ್ಲಿ ಒಂದು ಪಾಲು ಕೂಡ ಇಲ್ಲಿ ಉಳಿದಿರುವುದಿಲ್ಲ, ದಾರಿಯ ಘರ್ಷಣೆ ಬೇರೆ ತಿಂದಿರುತ್ತದೆ. ಬಟ್ಟೆಯ ಒಂದು ನವಿರು ಎಳೆ ಎಸ್ಕೇಪ್ ವೀಲಿನ ಹಲ್ಲಿಗೆ ಸಿಕ್ಕಿದರೆ ವಾಚು ನಿಂತುಹೋಗುತ್ತದೆ. ಅದೇ ಎಳೆ ಬ್ಯಾರೆಲ್ ಹಲ್ಲಿಗೆ ಸಿಕ್ಕಿದ್ದರೆ ಅರೆದು ಹಾಕುತ್ತಿತ್ತು.

ಇನ್ನು ಸಮಯ ಹೇಳುವ ಭಾಗ. ಇಷ್ಟು ಹೊತ್ತು ಹೇಳಿದ ಯಾವುದಕ್ಕೂ ಸಮಯ ಗೊತ್ತಿಲ್ಲ. ಅವು ಎಣಿಸುತ್ತವೆ, ಸಾಗಿಸುತ್ತವೆ. ಸಮಯ ಗೊತ್ತಿರುವುದು ಒಂದೇ ಜೋಡಿಗೆ: ಬ್ಯಾಲೆನ್ಸ್ ವೀಲ್ ಮತ್ತು ಅದರ ಅಚ್ಚಿಗೆ ಸುತ್ತಿದ ಹೇರ್‌ಸ್ಪ್ರಿಂಗ್. ಬ್ಯಾಲೆನ್ಸ್ ಒಂದು ದುಂಡನೆಯ ಉಂಗುರ. ಹೇರ್‌ಸ್ಪ್ರಿಂಗ್ ತಲೆಕೂದಲಿಗಿಂತ ತೆಳುವಾದ ಪಟ್ಟಿಯ ಸುರುಳಿ. ಉಂಗುರವನ್ನು ಒಂದು ಕಡೆ ತಿರುಗಿಸಿದರೆ ಸುರುಳಿ ಅದನ್ನು ವಾಪಸ್ ಎಳೆಯುತ್ತದೆ. ಅದು ಮಧ್ಯಕ್ಕೆ ಬಂದು ನಿಲ್ಲದೆ ಆ ಕಡೆಗೂ ಅಷ್ಟೇ ದೂರ ಹೋಗುತ್ತದೆ. ಮತ್ತೆ ಎಳೆತ, ಮತ್ತೆ ವಾಪಸ್.

ಇದರಲ್ಲಿ ಒಂದು ವಿಶೇಷ ಇದೆ. ಸ್ಪ್ರಿಂಗ್ ಎಷ್ಟು ತಿರುಚಿಕೊಂಡಿದೆಯೋ ಅಷ್ಟೇ ಬಲದಿಂದ ಎಳೆಯುತ್ತದೆ. ಎರಡರಷ್ಟು ದೂರ ಹೋದರೆ ಎರಡರಷ್ಟು ಎಳೆತ. ಹಾಗಾಗಿ ದೊಡ್ಡ ತೂಗಾಟಕ್ಕೂ ಸಣ್ಣ ತೂಗಾಟಕ್ಕೂ ಹಿಡಿಯುವ ಸಮಯ ಒಂದೇ. ಬೆಳಗ್ಗೆ ಕೀ ಕೊಟ್ಟಾಗ ಮೇನ್‌ಸ್ಪ್ರಿಂಗ್ ಬಿಗಿಯಾಗಿರುತ್ತದೆ, ಬ್ಯಾಲೆನ್ಸ್ ಜೋರಾಗಿ ತೂಗುತ್ತದೆ. ಮಾರನೆಯ ಬೆಳಗ್ಗೆ ಹೊತ್ತಿಗೆ ಬಲ ಕುಗ್ಗಿ ತೂಗಾಟ ಕಿರಿದಾಗಿರುತ್ತದೆ. ಆದರೂ ಸಮಯ ಬಹುಪಾಲು ಅಷ್ಟೇ ಇರುತ್ತದೆ. ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ ಸ್ಪ್ರಿಂಗಿನ ಈ ಗುಣವನ್ನು 1676ರಲ್ಲಿ ಅಕ್ಷರಗಳನ್ನು ಕಲಸಿದ ಒಗಟಾಗಿ ಪ್ರಕಟಿಸಿ, 1678ರಲ್ಲಿ ಬಿಡಿಸಿ ಹೇಳಿದ. ಅಷ್ಟರಲ್ಲಿ ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗೆನ್ಸ್ 1675ರಲ್ಲೇ ಸುರುಳಿ ಸ್ಪ್ರಿಂಗ್ ಇರುವ ವಾಚನ್ನು ಪ್ಯಾರಿಸ್‌ನ ಕುಶಲಕರ್ಮಿ ಐಸಾಕ್ ಟ್ಯುರೆಯಿಂದ ಮಾಡಿಸಿದ್ದ. ಮೊದಲು ಹೊಳೆದದ್ದು ಯಾರಿಗೆ ಎಂದು ಇಬ್ಬರ ನಡುವೆ ದೊಡ್ಡ ಜಗಳವೇ ಆಯಿತು. ಜಗಳ ಆಗುವಂಥದ್ದೇ ಬಿಡಿ. ಅದಕ್ಕೂ ಹಿಂದಿನ ವಾಚುಗಳು ದಿನಕ್ಕೆ ಅರ್ಧ ಗಂಟೆ ಆಚೀಚೆ ಆದರೂ ಯಾರೂ ದೂರುತ್ತಿರಲಿಲ್ಲ. ಎಷ್ಟೋ ವಾಚುಗಳಿಗೆ ನಿಮಿಷದ ಮುಳ್ಳೇ ಇರಲಿಲ್ಲ. ಈ ಒಂದು ಸುರುಳಿ ಬಂದ ಮೇಲೆ ತಪ್ಪು ಕೆಲವು ನಿಮಿಷಗಳಿಗೆ ಇಳಿಯಿತು.

ಆದರೆ ಬ್ಯಾಲೆನ್ಸ್ ತನ್ನಷ್ಟಕ್ಕೆ ಬಿಟ್ಟರೆ ನಿಂತುಹೋಗುತ್ತದೆ. ಗಾಳಿ ತಡೆಯುತ್ತದೆ, ಅಚ್ಚಿನ ತುದಿ ಉಜ್ಜುತ್ತದೆ. ಅದಕ್ಕೆ ಆಗಾಗ ಒಂದಿಷ್ಟು ಬಲ ಕೊಡಬೇಕು. ಅದೂ ಅದರ ಲಯ ಕೆಡದ ಹಾಗೆ. ಜೊತೆಗೆ ಅದು ಎಷ್ಟು ಸಲ ತೂಗಿತು ಎಂದು ಎಣಿಸಬೇಕು. ಈ ಎರಡೂ ಕೆಲಸ ಮಾಡುವುದು ಪ್ಯಾಲೆಟ್ ಫೋರ್ಕ್. ಲಂಗರಿನ ಆಕಾರದ ಸಣ್ಣ ತುಂಡು. ಎರಡು ತೋಳುಗಳ ತುದಿಯಲ್ಲಿ ಒಂದೊಂದು ಕೆಂಪು ಕಲ್ಲು, ಇನ್ನೊಂದು ತುದಿಯಲ್ಲಿ ಕವೆಯಂಥ ಸೀಳು.

ಒಂದು ಟಿಕ್ ಅನ್ನು ನಿಧಾನವಾಗಿ ನೋಡೋಣ. ಮೊದಲಿಗೆ ಎಸ್ಕೇಪ್ ವೀಲಿನ ಒಂದು ಹಲ್ಲು ಕೆಂಪು ಕಲ್ಲಿನ ಬದಿಗೆ ಒತ್ತಿ ನಿಂತಿದೆ. ಇಡೀ ಮೇನ್‌ಸ್ಪ್ರಿಂಗಿನ ಬಲ ಅದರ ಹಿಂದೆ ಇದೆ, ಆದರೂ ಮುಂದೆ ಹೋಗುವಂತಿಲ್ಲ. ಕಲ್ಲನ್ನು ಬೇಕೆಂದೇ ತುಸು ಓರೆಯಾಗಿ ಕೂರಿಸಿರುತ್ತಾರೆ. ಹಲ್ಲು ಒತ್ತಿದಷ್ಟೂ ಕಲ್ಲು ಇನ್ನೂ ಒಳಕ್ಕೆ ಸೆಳೆಯಲ್ಪಡುತ್ತದೆ. ಕೈ ಝಾಡಿಸಿದರೂ ಬೀಗ ತಾನಾಗಿ ತೆರೆದುಕೊಳ್ಳಬಾರದು ಎಂದು ಹೀಗೆ. ಅತ್ತ ಬ್ಯಾಲೆನ್ಸ್ ದೂರದ ತುದಿ ಮುಟ್ಟಿ ವಾಪಸ್ ಬರುತ್ತಿದೆ. ಮಧ್ಯಕ್ಕೆ ಬರುವ ಹೊತ್ತಿಗೆ ಅದರ ವೇಗ ಅತಿ ಹೆಚ್ಚು. ಅದರ ಅಡಿಯಲ್ಲಿರುವ ಪುಟ್ಟ ಕಲ್ಲಿನ ಗೂಟ ಫೋರ್ಕಿನ ಸೀಳಿಗೆ ಬಂದು ಬಡಿಯುತ್ತದೆ. ಫೋರ್ಕ್ ಸರಿಯುತ್ತದೆ. ಕಲ್ಲು ಹಲ್ಲಿನ ಕೆಳಗಿನಿಂದ ಜಾರಿ ಹೊರಬರುತ್ತದೆ. ಓರೆಯಾಗಿದ್ದ ಕಾರಣ ಹೊರಬರುವಾಗ ಹಲ್ಲನ್ನು ಒಂದು ಕೂದಲಿನಷ್ಟು ಹಿಂದಕ್ಕೆ ತಳ್ಳುತ್ತದೆ. ಅಂದರೆ ಆ ಕ್ಷಣ ಪುಟ್ಟ ಬ್ಯಾಲೆನ್ಸ್ ಇಡೀ ಚಕ್ರಮಾಲೆಯನ್ನು ಹಿಮ್ಮುಖವಾಗಿ ನೂಕುತ್ತದೆ.

ಬೀಗ ತೆರೆಯಿತು. ಹಲ್ಲಿನ ತುದಿ ಈಗ ಕಲ್ಲಿನ ಇಳಿಜಾರು ಮುಖದ ಮೇಲೆ ಜಾರುತ್ತಾ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಈಗ ಲೆಕ್ಕ ಉಲ್ಟಾ ಆಯಿತು. ಇಷ್ಟು ಹೊತ್ತು ಗೂಟ ಫೋರ್ಕನ್ನು ತಳ್ಳುತ್ತಿತ್ತು, ಈಗ ಫೋರ್ಕ್ ಗೂಟವನ್ನು ತಳ್ಳುತ್ತದೆ. ಬ್ಯಾಲೆನ್ಸಿಗೆ ಬೇಕಾದ ಬಲ ಸಿಕ್ಕಿದ್ದು ಇಲ್ಲಿ. ಹಲ್ಲು ಕಲ್ಲಿನ ಅಂಚು ದಾಟುತ್ತದೆ. ಒಂದೆರಡು ಡಿಗ್ರಿಯಷ್ಟು ದೂರ ಚಕ್ರ ಯಾರ ಹಿಡಿತವೂ ಇಲ್ಲದೆ ಓಡುತ್ತದೆ. ಅಷ್ಟರಲ್ಲಿ ಆ ಕಡೆಯ ಕಲ್ಲು ಒಳಕ್ಕೆ ಬಂದಾಗಿರುತ್ತದೆ, ಇನ್ನೊಂದು ಹಲ್ಲು ಅದಕ್ಕೆ ಹೋಗಿ ಬಡಿಯುತ್ತದೆ. ಮತ್ತೆ ಬೀಗ. ಬ್ಯಾಲೆನ್ಸ್ ತನ್ನ ಪಾಡಿಗೆ ಆ ತುದಿಯತ್ತ ಹೊರಟುಹೋಗಿರುತ್ತದೆ.

ಕಿವಿಗೆ ಒಂದೇ ಟಿಕ್ ಎಂದು ಕೇಳುವುದರಲ್ಲಿ ನಿಜಕ್ಕೂ ಮೂರು ಸದ್ದುಗಳಿವೆ. ಗೂಟ ಫೋರ್ಕಿಗೆ ಬಡಿದದ್ದು ಮೊದಲನೆಯದು. ಹಲ್ಲು ಕಲ್ಲಿನ ಇಳಿಜಾರಿಗೆ ತಾಗಿದ್ದು ಎರಡನೆಯದು. ಇನ್ನೊಂದು ಹಲ್ಲು ಬೀಗಕ್ಕೆ ಬಿದ್ದು ಫೋರ್ಕ್ ತನ್ನ ಗೋಡೆಗೆ ಹೋಗಿ ನಿಂತದ್ದು ಮೂರನೆಯದು, ಅದೇ ಎಲ್ಲಕ್ಕಿಂತ ಜೋರು. ವಾಚು ರಿಪೇರಿ ಮಾಡುವವರ ಟೈಮಿಂಗ್ ಯಂತ್ರ ಮೊದಲನೇ ಸದ್ದಿಗೂ ಮೂರನೆಯದಕ್ಕೂ ನಡುವಿನ ಅಂತರ ಅಳೆದು ಬ್ಯಾಲೆನ್ಸ್ ಎಷ್ಟು ಜೋರಾಗಿ ತೂಗುತ್ತಿದೆ ಎಂದು ಹೇಳಿಬಿಡುತ್ತದೆ. ವಾಚನ್ನು ಬಿಚ್ಚುವುದೇ ಬೇಡ, ಬರೀ ಕೇಳಿದರೆ ಸಾಕು.

ಈಗ ಮೊದಲು ಹೇಳಿದ ಲೆಕ್ಕಕ್ಕೆ ಬರುತ್ತೇನೆ. ಆರೋಗ್ಯವಾಗಿರುವ ವಾಚಿನ ಬ್ಯಾಲೆನ್ಸ್ ಮಧ್ಯದಿಂದ ಎರಡೂ ಕಡೆಗೆ ಸುಮಾರು 270 ಡಿಗ್ರಿ ತೂಗುತ್ತದೆ ಎಂದಿಟ್ಟುಕೊಳ್ಳಿ. ಗೂಟಕ್ಕೂ ಫೋರ್ಕಿಗೂ ಸಂಪರ್ಕ ಇರುವುದು ಮಧ್ಯದ ಸುಮಾರು 52 ಡಿಗ್ರಿಯಲ್ಲಿ ಮಾತ್ರ. ಇದನ್ನು ಲಿಫ್ಟ್ ಆಂಗಲ್ ಎನ್ನುತ್ತಾರೆ. ಬ್ಯಾಲೆನ್ಸ್ ಅತಿ ವೇಗವಾಗಿ ಸಾಗುವುದೂ ಅಲ್ಲೇ. ಹಾಗಾಗಿ ಆ 52 ಡಿಗ್ರಿ ದಾಟಲು ಹಿಡಿಯುವುದು ಪ್ರತಿ ತೂಗಾಟದ ಸಮಯದಲ್ಲಿ ನೂರಕ್ಕೆ ಆರು ಪಾಲು ಮಾತ್ರ. ಗಂಟೆಗೆ 18,000 ಬೀಟ್, ಅಂದರೆ ಟಿಕ್, ಇರುವ ಹಳೆಯ ವಾಚಿನಲ್ಲಿ ಒಂದು ಬೀಟ್ ಎಂದರೆ 0.2 ಸೆಕೆಂಡು. ಅದರಲ್ಲಿ ಸುಮಾರು 0.012 ಸೆಕೆಂಡು ಸಂಪರ್ಕ. ಉಳಿದಷ್ಟು ಹೊತ್ತು ಬ್ಯಾಲೆನ್ಸ್ ಯಾರನ್ನೂ ಮುಟ್ಟದೆ ತೂಗುತ್ತಿರುತ್ತದೆ. ಅಷ್ಟು ಹೊತ್ತೂ ಚಕ್ರಗಳು ಬೀಗದಲ್ಲಿರುತ್ತವೆ. ನೂರಕ್ಕೆ ಆರು ಎಂದರೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಒಂದೂವರೆ ಗಂಟೆಗಿಂತ ಚೂರು ಕಡಿಮೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಬೆನ್ನಿಗೆ ಗಾಜಿರುವ ವಾಚು ಮತ್ತು ಸ್ಲೋ ಮೋಷನ್ ವಿಡಿಯೋ ತೆಗೆಯುವ ಫೋನ್ ಸಾಕು. ಈಗಿನ ಹೆಚ್ಚಿನ ವಾಚುಗಳದು ಗಂಟೆಗೆ 28,800 ಬೀಟ್, ಅಂದರೆ ಸೆಕೆಂಡಿಗೆ ಎಂಟು. ಸೆಕೆಂಡಿಗೆ 240 ಫ್ರೇಮ್ ತೆಗೆದರೆ ಒಂದು ಬೀಟಿಗೆ ಮೂವತ್ತು ಫ್ರೇಮ್ ಸಿಗುತ್ತದೆ. ಎಸ್ಕೇಪ್ ವೀಲನ್ನೇ ಗಮನಿಸಿ. ಎರಡು ಫ್ರೇಮಿನಷ್ಟು ಹೊತ್ತು ಕದಲುತ್ತದೆ, ಉಳಿದ ಫ್ರೇಮುಗಳಲ್ಲೆಲ್ಲ ನಿಂತಲ್ಲೇ ನಿಂತಿರುತ್ತದೆ. ಎಲ್ಲರ ಕಣ್ಣೂ ತೂಗುವ ಬ್ಯಾಲೆನ್ಸ್ ಮೇಲೆ ಹೋಗುತ್ತದೆ, ಸಹಜವೇ. ನನಗೆ ಮಾತ್ರ ಆ ನಿಂತ ಚಕ್ರ ನೋಡಿದಷ್ಟೂ ಸಾಲದು.

ಯಾಕೆ ಈ ಲೆಕ್ಕಕ್ಕೆ ಇಷ್ಟು ಮಹತ್ವ ಕೊಡುತ್ತಿದ್ದೇನೆ ಎಂದರೆ, ವಾಚಿನ ಇತಿಹಾಸವನ್ನು ಇದೊಂದೇ ಎಳೆ ಹಿಡಿದು ಓದಬಹುದು. ಬ್ಯಾಲೆನ್ಸನ್ನು ಎಷ್ಟು ಕಡಿಮೆ ಮುಟ್ಟುತ್ತೇವೋ ಅಷ್ಟು ಸರಿಯಾದ ಸಮಯ ಸಿಗುತ್ತದೆ. ಹಳೆಯ ಕಾಲದ ವರ್ಜ್ ಎಂಬ ವಿನ್ಯಾಸದಲ್ಲಿ ಚಕ್ರದ ಹಲ್ಲು ಬ್ಯಾಲೆನ್ಸ್ ಅಚ್ಚನ್ನು ಒಂದು ಗಳಿಗೆಯೂ ಬಿಡುತ್ತಿರಲಿಲ್ಲ. ಸದಾ ಈ ಕಡೆಯಿಂದಲೋ ಆ ಕಡೆಯಿಂದಲೋ ನೂಕುತ್ತಲೇ ಇರುತ್ತಿತ್ತು. ಮೇನ್‌ಸ್ಪ್ರಿಂಗಿನ ಬಲ ಚೂರು ಏರುಪೇರಾದರೂ ವೇಗ ಬದಲಾಗುತ್ತಿತ್ತು. 1720ರ ದಶಕದಲ್ಲಿ ಲಂಡನ್ನಿನ ಜಾರ್ಜ್ ಗ್ರಹಾಂ ಸಿಲಿಂಡರ್ ಎಂಬ ವಿನ್ಯಾಸವನ್ನು ತಿದ್ದಿ ಬಳಕೆಗೆ ತಂದ. ಅದರಲ್ಲಿ ನೂಕಾಟ ಕಡಿಮೆಯಾಯಿತು, ಆದರೆ ಹಲ್ಲು ಸಿಲಿಂಡರ್ ಗೋಡೆಗೆ ಉಜ್ಜುತ್ತಲೇ ಇರುತ್ತಿತ್ತು. ಗ್ರಹಾಂ ಬಳಿ ಕೆಲಸ ಕಲಿತ ಥಾಮಸ್ ಮಡ್ಜ್ 1755ರ ಸುಮಾರಿಗೆ ಲಿವರ್ ವಿನ್ಯಾಸ ಮಾಡಿದ. ಬಂದು, ಬೀಗ ತೆರೆದು, ಬಲ ಪಡೆದು ಹೊರಟುಹೋಗುವ ಬ್ಯಾಲೆನ್ಸ್ ಅದು. ಇವತ್ತಿನ ಬಹುತೇಕ ಎಲ್ಲ ಮೆಕ್ಯಾನಿಕಲ್ ವಾಚುಗಳಲ್ಲಿ ಇರುವುದು ಇದರ ವಂಶವೇ. ಬಲವನ್ನು ಸರಿಯಾಗಿ ಮಧ್ಯದಲ್ಲೇ ಕೊಟ್ಟರೆ ಲಯ ಕೆಡುವುದಿಲ್ಲ ಎಂದು ಖಗೋಳವಿಜ್ಞಾನಿ ಜಾರ್ಜ್ ಏರಿ ಗಣಿತದಿಂದ ತೋರಿಸಿದ್ದು 19ನೇ ಶತಮಾನದಲ್ಲಿ. ಅದಕ್ಕೆ ಎಷ್ಟೋ ವರ್ಷ ಮೊದಲೇ ಕುಶಲಕರ್ಮಿಯೊಬ್ಬನ ಕೈ ಆ ಜಾಗ ಹುಡುಕಿತ್ತು. ಇಂಥ ಕಡೆ ನನಗೆ ಆ ಕೈಗಳ ಮೇಲೆ ಅಪಾರ ಗೌರವ ಬರುತ್ತದೆ.

ಸರಿ, ಫೋರ್ಕ್ ಬ್ಯಾಲೆನ್ಸನ್ನು ನೂರಕ್ಕೆ ತೊಂಬತ್ತನಾಲ್ಕು ಪಾಲು ಸಮಯ ಬಿಟ್ಟುಬಿಡುತ್ತದೆ. ಬೇರೆಯವು ಬಿಡುತ್ತವೆಯೇ? ಇಲ್ಲ.

ಮೊದಲನೆಯದು ಅದು ನಿಂತಿರುವ ಜಾಗ. ಬ್ಯಾಲೆನ್ಸ್ ಅಚ್ಚಿನ ತುದಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಸಣ್ಣ. ವಾಚನ್ನು ಮೇಜಿನ ಮೇಲೆ ಅಂಗಾತ ಇಟ್ಟಾಗ ಅದು ಬುಗುರಿಯ ಮೊಳೆಯಂತೆ ತುದಿಯ ಮೇಲೆ ನಿಂತು ತಿರುಗುತ್ತದೆ, ಘರ್ಷಣೆ ತೀರಾ ಕಡಿಮೆ. ವಾಚನ್ನು ನೆಟ್ಟಗೆ ನಿಲ್ಲಿಸಿದರೆ ಅಚ್ಚು ಅಡ್ಡ ಮಲಗಿ ಅದರ ಮೈಯೆಲ್ಲ ತೂತಿನ ಗೋಡೆಗೆ ಉಜ್ಜುತ್ತದೆ. ತೂಗಾಟ ಒಮ್ಮೆಲೇ ಕೆಲವು ಹತ್ತು ಡಿಗ್ರಿ ಇಳಿಯುತ್ತದೆ. ಜೊತೆಗೆ ಉಂಗುರದ ಒಂದು ಬದಿ ಚೂರೇ ಚೂರು ಭಾರವಾಗಿದ್ದರೂ ಭೂಮಿ ಅದನ್ನು ಕೆಳಗೆಳೆದು ಲಯ ಕೆಡಿಸುತ್ತದೆ. ಅಬ್ರಹಾಂ ಲೂಯಿ ಬ್ರೆಗೆ 1801ರಲ್ಲಿ ಪೇಟೆಂಟ್ ಪಡೆದ ಟೂರ್ಬಿಯೋನ್ ಇದಕ್ಕೆ ಉತ್ತರ. ಬ್ಯಾಲೆನ್ಸ್, ಫೋರ್ಕ್, ಎಸ್ಕೇಪ್ ವೀಲ್ ಎಲ್ಲವನ್ನೂ ಒಂದು ಪಂಜರದಲ್ಲಿಟ್ಟು ಪಂಜರವನ್ನೇ ತಿರುಗಿಸುವುದು, ಆಗ ತಪ್ಪುಗಳು ಎಲ್ಲ ದಿಕ್ಕಿಗೂ ಹಂಚಿಹೋಗಿ ಒಂದನ್ನೊಂದು ಕಳೆಯುತ್ತವೆ. ಜೇಬಿನಲ್ಲಿ ಸದಾ ನೆಟ್ಟಗೆ ನಿಂತಿರುತ್ತಿದ್ದ ವಾಚಿಗೆ ಅದು ಒಳ್ಳೆಯ ಉಪಾಯ. ಕೈ ಅತ್ತಿತ್ತ ಆಡುತ್ತಲೇ ಇರುವುದರಿಂದ ಕೈಗಡಿಯಾರಕ್ಕೆ ಅಷ್ಟು ಅಗತ್ಯ ಇಲ್ಲ ಎಂಬುದು ನನ್ನ ಅಭಿಪ್ರಾಯ. ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ.

ಆಮೇಲೆ ಬಿಸಿ. ಉಕ್ಕಿನ ಹೇರ್‌ಸ್ಪ್ರಿಂಗ್ ಬಿಸಿಯಾದರೆ ಮೆತ್ತಗಾಗುತ್ತದೆ, ಎಳೆತ ಕಡಿಮೆಯಾಗುತ್ತದೆ. ಸರಳವಾದ ಹಿತ್ತಾಳೆ ಉಂಗುರದ ಜೊತೆ ಇದ್ದರೆ ಪ್ರತಿ ಒಂದು ಡಿಗ್ರಿ ಸೆಲ್ಸಿಯಸ್‌ಗೆ ವಾಚು ದಿನಕ್ಕೆ ಹತ್ತು ಸೆಕೆಂಡಿನ ಆಸುಪಾಸು ಹಿಂದೆ ಬೀಳುತ್ತದೆ. ಹತ್ತು ಡಿಗ್ರಿ ಏರಿದರೆ ಒಂದೂವರೆ ನಿಮಿಷಕ್ಕೂ ಮೇಲೆ! ಇದನ್ನು ಸರಿದೂಗಿಸಲು ಉಕ್ಕು ಮತ್ತು ಹಿತ್ತಾಳೆ ಎರಡನ್ನೂ ಬೆಸೆದು, ಅಂಚನ್ನು ಎರಡು ಕಡೆ ಕತ್ತರಿಸಿದ ಉಂಗುರ ಮಾಡುತ್ತಿದ್ದರು. ಬಿಸಿಯಾದಾಗ ಆ ತೋಳುಗಳು ಒಳಕ್ಕೆ ಬಾಗಿ ಬ್ಯಾಲೆನ್ಸ್ ವೇಗವಾಗುತ್ತಿತ್ತು. ಬಹಳ ನಾಜೂಕಿನ ಕೆಲಸ ಅದು. ಕೊನೆಗೆ ಷಾರ್ಲ್ ಎದುವಾರ್ ಗಿಯೋಮ್ ಎಂಬ ಸ್ವಿಸ್ ವಿಜ್ಞಾನಿ ಲೋಹದಲ್ಲೇ ಉತ್ತರ ಹುಡುಕಿದ. ಬಿಸಿಗೆ ಹೆಚ್ಚೂಕಡಿಮೆ ಹಿಗ್ಗದ ಇನ್ವಾರ್, ಬಿಸಿಯಾದರೂ ಬಿಗುವು ಬದಲಾಗದ ಎಲಿನ್ವಾರ್. ಇದಕ್ಕಾಗಿ 1920ರಲ್ಲಿ ಅವನಿಗೆ ಭೌತವಿಜ್ಞಾನದ ನೊಬೆಲ್ ಬಂತು. ಕತ್ತರಿಸಿದ ಉಂಗುರಗಳ ಕಾಲ ಅಲ್ಲಿಂದ ಮುಗಿಯುತ್ತಾ ಬಂತು.

ಅಯಸ್ಕಾಂತ ಇನ್ನೊಂದು ಕಾಟ, ಈಗಿನ ಕಾಲಕ್ಕೆ ಇದೇ ಜಾಸ್ತಿ. ಚೀಲದ ಗುಂಡಿ, ಸ್ಪೀಕರ್, ಟ್ಯಾಬ್ಲೆಟ್ಟಿನ ಕವರ್ ಎಲ್ಲದರಲ್ಲೂ ಅಯಸ್ಕಾಂತ ಇರುತ್ತದೆ. ಹೇರ್‌ಸ್ಪ್ರಿಂಗಿಗೆ ಅದು ಹಿಡಿದರೆ ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ಪ್ರಿಂಗಿನ ಉದ್ದ ಕಡಿಮೆಯಾದಂತೆ ಆಗಿ ವಾಚು ಓಡೋಡಿ ಹೋಗುತ್ತದೆ. ನಿನ್ನೆಯವರೆಗೆ ಸರಿಯಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಫಾಸ್ಟ್ ಆದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಡಿಮ್ಯಾಗ್ನೆಟೈಸರ್ ಮೇಲೆ ಒಮ್ಮೆ ಇಟ್ಟು ತೆಗೆದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಸಿಲಿಕಾನ್ ಹೇರ್‌ಸ್ಪ್ರಿಂಗ್ ಬಂದ ಮೇಲೆ ಈ ಕಾಟ ಅಂಥ ವಾಚುಗಳಿಗೆ ಇಲ್ಲ.

ಕಲ್ಲು ಮತ್ತು ಎಣ್ಣೆಯ ಬಗ್ಗೆ ಹೇಳದಿದ್ದರೆ ಮಾತು ಪೂರ್ತಿ ಆಗುವುದಿಲ್ಲ. ಡಯಲ್ ಮೇಲೆ ಹದಿನೇಳು ಜ್ಯುವೆಲ್ ಎಂದು ಬರೆದಿರುವುದನ್ನು ನೋಡಿರುತ್ತೀರಿ. ಅಲಂಕಾರಕ್ಕೆಂದು ಇಟ್ಟವಲ್ಲ. ಎರಡು ಕಲ್ಲು ಫೋರ್ಕಿನ ತೋಳುಗಳಲ್ಲಿ, ಒಂದು ಬ್ಯಾಲೆನ್ಸಿನ ಗೂಟ. ನಡುಚಕ್ರ, ಮೂರನೆಯದು, ನಾಲ್ಕನೆಯದು, ಎಸ್ಕೇಪ್ ವೀಲ್, ಫೋರ್ಕ್, ಈ ಐದರ ಅಚ್ಚುಗಳಿಗೆ ಮೇಲೊಂದು ಕೆಳಗೊಂದರಂತೆ ಹತ್ತು. ಬ್ಯಾಲೆನ್ಸ್ ಅಚ್ಚಿಗೆ ಎರಡು ತೂತಿನ ಕಲ್ಲು, ಅವುಗಳ ಮೇಲೆ ಮುಚ್ಚಳದಂತೆ ಇನ್ನೆರಡು. ಒಟ್ಟು ಹದಿನೇಳು. ಗಟ್ಟಿ ಕಲ್ಲಿನ ತೂತಿನಲ್ಲಿ ಹೊಳಪು ಕೊಟ್ಟ ಉಕ್ಕು ತಿರುಗಿದರೆ ಸವೆತ ತೀರಾ ಕಡಿಮೆ. ಈ ಕಲ್ಲು ಮಾಣಿಕ್ಯ. ಹೆಸರಾಂತ ರತ್ನಗಳಲ್ಲಿ ಅದಕ್ಕಿಂತ ಗಟ್ಟಿ ವಜ್ರವೊಂದೇ. ತೂತು ಕೊರೆದ ಕಲ್ಲಿಗೆ ಲಂಡನ್ನಿನಲ್ಲಿ ಪೇಟೆಂಟ್ ಸಿಕ್ಕಿದ್ದು 1704ರಲ್ಲಿ. ಆಗ ನಿಜವಾದ ರತ್ನ ಬೇಕಿತ್ತು. 1902ರಲ್ಲಿ ಫ್ರಾನ್ಸಿನ ಒಗುಸ್ತ್ ವೆರ್ನಾಯ್ ಬೆಂಕಿಯ ಜ್ವಾಲೆಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನ ಪ್ರಕಟಿಸಿದ ಮೇಲೆ ಸಾಮಾನ್ಯ ವಾಚಿಗೂ ಅದು ಎಟುಕಿತು.

ಮುಚ್ಚಳದ ಕಲ್ಲಿಗೆ ಎಣ್ಣೆ ಹಾಕುವುದು ನನಗೆ ಇಡೀ ಕೆಲಸದಲ್ಲೇ ಅತಿ ಪ್ರಿಯ. ಸೂಜಿಯಂಥ ಆಯಿಲರ್ ತುದಿಯಲ್ಲಿ ಕಣ್ಣಿಗೆ ಕಾಣಿಸೀತೋ ಇಲ್ಲವೋ ಎಂಬಷ್ಟು ಹನಿ. ಅದನ್ನು ಕಲ್ಲಿನ ನಡುವೆ ಮುಟ್ಟಿಸಿ ಬಿಟ್ಟರೆ ಗುಂಡಗೆ ಕೂರುತ್ತದೆ. ಅದರ ಮೇಲೆ ತೂತಿನ ಕಲ್ಲನ್ನು ಇಟ್ಟಾಗ ಹನಿ ಎರಡರ ನಡುವೆ ಹರಡಿ ದುಂಡಗಿನ ಬಿಲ್ಲೆಯಾಗುತ್ತದೆ. ಲೂಪಿನಲ್ಲಿ ನೋಡಿದರೆ ಆ ಬಿಲ್ಲೆಯ ಅಂಚು ಸ್ಪಷ್ಟವಾಗಿ ಕಾಣಬೇಕು, ಕಲ್ಲಿನ ಅಂಚನ್ನು ಮಾತ್ರ ಮುಟ್ಟಿರಬಾರದು. ಮುಟ್ಟಿದರೆ ಎಣ್ಣೆಯೆಲ್ಲ ಹೊರಕ್ಕೆ ಸೆಳೆದುಕೊಂಡು ಹೋಗಿ ಅಚ್ಚು ಒಣಗುತ್ತದೆ. ಕಡಿಮೆಯಾದರೆ ಬೇಗ ಬತ್ತುತ್ತದೆ. ಎರಡು ಕಲ್ಲುಗಳ ನಡುವಿನ ಬಿರುಕು ಮಧ್ಯದಲ್ಲಿ ಕಿರಿದು, ಹೊರಗೆ ಹೋದಂತೆ ಅಗಲ. ಹಾಗಾಗಿ ಹದವಾಗಿ ಹಾಕಿದ ಎಣ್ಣೆ ತಾನಾಗಿಯೇ ಅಚ್ಚಿನ ಹತ್ತಿರ ಉಳಿಯುತ್ತದೆ. ಕಲ್ಲಿನ ಆಕಾರವೇ ಎಣ್ಣೆಯನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುವುದನ್ನು ನೋಡಿ ಇಂದಿಗೂ ಬೆರಗಾಗುತ್ತದೆ.

ಇಷ್ಟೆಲ್ಲ ಮಾಡಿ ಎಷ್ಟು ನಿಖರತೆ ಸಿಗುತ್ತದೆ? ದಿನಕ್ಕೆ ಹತ್ತು ಸೆಕೆಂಡು ತಪ್ಪುವ ವಾಚು ಎಂದರೆ 86,400ರಲ್ಲಿ ಹತ್ತು. ನೂರಕ್ಕೆ 99.98ಕ್ಕಿಂತ ಹೆಚ್ಚು ಸರಿ. ಸ್ವಿಟ್ಜರ್ಲೆಂಡಿನ ಕ್ರೋನೋಮೀಟರ್ (ಅತಿ ನಿಖರ ಗಡಿಯಾರ) ಪರೀಕ್ಷೆಯಲ್ಲಿ ಚಲನಯಂತ್ರವನ್ನು ಹದಿನೈದು ದಿನ, ಐದು ಭಂಗಿಗಳಲ್ಲಿ, 8, 23, 38 ಡಿಗ್ರಿಗಳಲ್ಲಿ ನೋಡುತ್ತಾರೆ. ಸರಾಸರಿ ದಿನಕ್ಕೆ 4 ಸೆಕೆಂಡಿಗಿಂತ ಹಿಂದೆ, 6 ಸೆಕೆಂಡಿಗಿಂತ ಮುಂದೆ ಹೋಗಬಾರದು. ಸೆಕೆಂಡಿಗೆ 32,768 ಸಲ ಕಂಪಿಸುವ ಕ್ವಾರ್ಟ್ಸ್ ಹರಳಿನ ಎದುರು ಇದು ಏನೂ ಅಲ್ಲ ಎಂದು ಕೆಲವರು ಹೇಳುತ್ತಾರೆ. ಸಮಯವೊಂದೇ ಬೇಕಿದ್ದರೆ ಅವರ ಮಾತು ಸರಿ. ಆದರೆ ಬ್ಯಾಟರಿ ಇಲ್ಲದೆ, ಅಲುಗಾಡುವ ಕೈಮೇಲೆ, ಎಣ್ಣೆಯ ಹನಿಗಳ ನಡುವೆ ದಿನಕ್ಕೆ 4,32,000 ಸಲ ಬೀಗ ತೆರೆದು ಹಾಕಿ, ಲೆಕ್ಕದಲ್ಲಿ ಐವತ್ತರಷ್ಟೇ ತಪ್ಪು ಮಾಡುವ ಯಂತ್ರವನ್ನು ಹಗುರವಾಗಿ ನೋಡಲು ನನಗೆ ಮನಸ್ಸು ಬರುವುದಿಲ್ಲ.

ಲಿವರ್‌ಗಿಂತಲೂ ಕಡಿಮೆ ಮುಟ್ಟುವ ವಿನ್ಯಾಸಗಳೂ ಇವೆ. ಹಡಗಿನ ಕ್ರೋನೋಮೀಟರುಗಳಲ್ಲಿದ್ದ ಡಿಟೆಂಟ್ ಎಂಬುದು ಎರಡು ತೂಗಾಟಕ್ಕೆ ಒಂದೇ ಸಲ ಬಲ ಕೊಡುತ್ತದೆ, ಹಲ್ಲಿಗೆ ಎಣ್ಣೆಯೇ ಬೇಡ. ನಿಖರತೆಯಲ್ಲಿ ಲಿವರ್‌ಗಿಂತ ಮೇಲು. ಆದರೆ ಒಂದು ಏಟು ಬಿದ್ದರೆ ಬೀಗ ತಪ್ಪಿಹೋಗುತ್ತದೆ, ನಿಂತರೆ ಅಲುಗಾಡಿಸದೆ ಶುರುವಾಗುವುದಿಲ್ಲ. ಪೆಟ್ಟಿಗೆಯಲ್ಲಿ ನೆಮ್ಮದಿಯಾಗಿ ಕೂತಿರುವ ಗಡಿಯಾರಕ್ಕೆ ಸರಿ, ಕೈಗೆ ಆಗದು. ಇಂಗ್ಲಿಷ್ ವಾಚು ತಯಾರಕ ಜಾರ್ಜ್ ಡೇನಿಯಲ್ಸ್ 1970ರ ದಶಕದಲ್ಲಿ ಎರಡರ ಗುಣವನ್ನೂ ಸೇರಿಸಿ ಕೋ-ಆಕ್ಸಿಯಲ್ ಎಂಬುದನ್ನು ಮಾಡಿದರು. ಹಲ್ಲು ಕಲ್ಲಿನ ಮೇಲೆ ಉದ್ದಕ್ಕೆ ಜಾರುವುದನ್ನು ತಪ್ಪಿಸಿ, ನೇರವಾಗಿ ತಳ್ಳುವಂತೆ ಮಾಡುವುದು ಅವರ ಗುರಿ. ಜಾರಾಟ ಇಲ್ಲದಿದ್ದರೆ ಎಣ್ಣೆ ಹಳತಾದರೂ ಚಿಂತೆ ಇಲ್ಲ. 1999ರಲ್ಲಿ ಒಮೆಗಾ ಅದನ್ನು ಮಾರುಕಟ್ಟೆಗೆ ತಂದಿತು. ಅಷ್ಟು ಹೊತ್ತಿಗೆ ಡೇನಿಯಲ್ಸ್ ಅದನ್ನು ಹಿಡಿದು ದೊಡ್ಡ ದೊಡ್ಡ ಕಂಪನಿಗಳ ಬಾಗಿಲು ತಟ್ಟಿ ವರ್ಷಗಳೇ ಕಳೆದಿದ್ದವು.

ಒಂದು ಲಿವರ್, ಒಂದು ಕೋ-ಆಕ್ಸಿಯಲ್ ಎದುರಿಟ್ಟು ಯಾವುದು ಬೇಕು ಎಂದರೆ ನಾನು ಲಿವರನ್ನೇ ಎತ್ತಿಕೊಳ್ಳುತ್ತೇನೆ, ಅದೂ 18,000 ಬೀಟಿನದು. ಬೀಟ್ ಜಾಸ್ತಿಯಾದಷ್ಟೂ ಹೊರಗಿನ ಏಟಿಗೆ ಲಯ ಕದಡುವುದು ಕಡಿಮೆ, ನಿಜ. ಆದರೆ ಶಕ್ತಿಯೂ ಹೆಚ್ಚು ಬೇಕು, ಸವೆತವೂ ಹೆಚ್ಚು. ನಿಧಾನದ ವಾಚಿನಲ್ಲಿ ಬ್ಯಾಲೆನ್ಸ್ ಸಾಮಾನ್ಯವಾಗಿ ದೊಡ್ಡದು, ಕೆಲಸ ಮಾಡಲು ಕೈಗೆ ಸುಲಭ, ಏನು ತಪ್ಪಿದೆ ಎಂದು ಲೂಪಿನಲ್ಲೇ ಕಾಣುತ್ತದೆ. ತೊಳೆದು ಜೋಡಿಸಿದ ಮೇಲೆ ತಿರುಪನ್ನು ಎರಡು ಸುತ್ತು ಕೊಟ್ಟರೆ ಯಾರೂ ಅಲುಗಾಡಿಸದೆ ತಾನಾಗಿಯೇ ಹೊರಡುತ್ತದೆ. ಹೊರಡದಿದ್ದರೆ ಎಲ್ಲೋ ಕೊಳೆ ಉಳಿದಿದೆ ಎಂದೇ ಅರ್ಥ, ಮತ್ತೆ ಬಿಚ್ಚಬೇಕು.